ಅಮ್ಮನ ಹಾಲಿನ ಲೆಕ್ಕ ತರುವ ಸ್ಕ್ರಿಪ್ಟು, ಅದರ ಕುಕೀ ರಿಪೇರಿ

ಊರಲ್ಲಿ ಅಮ್ಮ ಎರಡು ಹಸು ಸಾಕಿದ್ದಾರೆ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಡೇರಿಗೆ ಹಾಲು ಹಾಕುತ್ತಾರೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಅಂತ ಒಂದು ಸಣ್ಣ ಚೀಟಿ ಕೊಡುತ್ತಾರೆ. ಅದು ಥರ್ಮಲ್ ಕಾಗದ. ಅಡುಗೆಮನೆ ಗೂಡಿನಲ್ಲಿ, ಒಲೆ ಶಾಖಕ್ಕೆ ನಾಲ್ಕು ದಿನ ಇದ್ದರೆ ಅಕ್ಷರ ಅಳಿಸಿಹೋಗುತ್ತದೆ. ಬಟವಾಡೆ ದಿನ ಲೆಕ್ಕ ಹಾಕೋಣ ಅಂತ ಕೂತರೆ ಅರ್ಧ ಚೀಟಿ ಬರೀ ಬಿಳಿ.

ಇದೇ ಲೆಕ್ಕ ಒಂದು ವೆಬ್ ಪೋರ್ಟಲ್‌ನಲ್ಲೂ ಸಿಗುತ್ತದೆ. ಸದಸ್ಯ ಸಂಖ್ಯೆ, ಪಾಸ್‌ವರ್ಡ್ ಹಾಕಿ ಒಳಗೆ ಹೋದರೆ ದಿನದಿನದ ಪಟ್ಟಿ ಇರುತ್ತದೆ. ಆದರೆ ಮೊಬೈಲಿನಲ್ಲಿ ಆ ಪಟ್ಟಿ ಪರದೆಗೆ ಹಿಡಿಯುವುದಿಲ್ಲ. ಎಳೆದು ಎಳೆದು ನೋಡಬೇಕು. ಅಮ್ಮನಿಗೆ ಅದು ಆಗದ ಕೆಲಸ. ಹಾಗಾಗಿ ಸಂಘದ ಕಾರ್ಯದರ್ಶಿಯನ್ನು ಒಂದು ಮಾತು ಕೇಳಿ, ಬೆಂಗಳೂರಿನ ನನ್ನ ಮನೆಯಲ್ಲಿರುವ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದೆ. ರಾತ್ರಿ 9.30ಕ್ಕೆ ಅದು ಪೋರ್ಟಲ್‌ಗೆ ಲಾಗಿನ್ ಆಗಬೇಕು, ಆ ದಿನದ ಎರಡು ಸಾಲು ಓದಬೇಕು, ಅಮ್ಮನ ಟೆಲಿಗ್ರಾಂಗೆ ಕನ್ನಡದಲ್ಲಿ ಒಂದು ಮೆಸೇಜ್ ಕಳಿಸಬೇಕು. ಇಷ್ಟೇ.

ಪಟ್ಟಿ ಓದುವ ಭಾಗ ಒಂದು ಗಂಟೆಯಲ್ಲಿ ಮುಗಿಯಿತು. ಕುಕೀ ಸರಿಯಾಗಿ ಹಿಡಿದುಕೊಳ್ಳುವ ಭಾಗಕ್ಕೆ ಸುಮಾರು ಎರಡು ತಿಂಗಳ ಶನಿವಾರ, ಭಾನುವಾರ ಹೋಯಿತು. ಬರೆದಿಡುತ್ತಿರುವುದು ಆ ಭಾಗವನ್ನೇ. ಬ್ರೌಸರ್ ಇಲ್ಲದೆ, ಸರ್ವರ್ ಕಡೆಯ ಕೋಡ್‌ನಿಂದ ವೆಬ್‌ಗೆ ಕೈ ಹಾಕುವವರಿಗೆಲ್ಲ ಇದೇ ಗುಂಡಿಗಳು ಸಿಗುತ್ತವೆ.

ಮೊದಲು ಕುಕೀ ಅಂದರೆ ಏನು ಅನ್ನುವುದನ್ನು ಡೇರಿ ಲೆಕ್ಕದಲ್ಲೇ ಹೇಳುತ್ತೇನೆ. ಬ್ರೌಸರ್, ಸರ್ವರ್ ಮಾತಾಡಿಕೊಳ್ಳುವ ಎಚ್‌ಟಿಟಿಪಿಗೆ ನೆನಪಿಲ್ಲ. ಒಂದು ಸಲ ಕೇಳಿದ್ದಕ್ಕೂ ಇನ್ನೊಂದು ಸಲ ಕೇಳಿದ್ದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಸರ್ವರ್ ಉತ್ತರದ ಜೊತೆ ಒಂದು ಪಾಸ್‌ಬುಕ್ ಕೈಗೆ ಕೊಡುತ್ತದೆ. ಅದು ಸೆಟ್-ಕುಕೀ ಅನ್ನುವ ಹೆಡರ್, ಅಂದರೆ ಪುಟದ ಮುಂಚೆ ಬರುವ ವಿವರದ ಸಾಲು. ಮುಂದಿನ ಸಲ ಹೋಗುವಾಗ ನಾವು ಆ ಪಾಸ್‌ಬುಕ್ ತೋರಿಸಬೇಕು. ಅದು ಕುಕೀ ಅನ್ನುವ ಹೆಡರ್. 1994ರಲ್ಲಿ ನೆಟ್‌ಸ್ಕೇಪ್‌ನಲ್ಲಿದ್ದ ಲೂ ಮೊಂಟುಲ್ಲಿ ಇದನ್ನು ಮಾಡಿದರು. ಇದರ ನಿಯಮಗಳನ್ನು 2011ರಲ್ಲಿ ಆರ್‌ಎಫ್‌ಸಿ 6265 ಅನ್ನುವ ದಾಖಲೆಯಲ್ಲಿ ಬರೆದಿಟ್ಟರು. ಬ್ರೌಸರ್‌ನಲ್ಲಿ ಈ ಪಾಸ್‌ಬುಕ್ ತೆಗೆದಿಡುವ, ತೋರಿಸುವ ಕೆಲಸ ನಮ್ಮ ಕಣ್ಣಿಗೇ ಬೀಳುವುದಿಲ್ಲ. ನಮ್ಮ ಕೋಡ್‌ನಲ್ಲಿ ಆ ಕೆಲಸ ನಮ್ಮದು.

ಮೊದಲ ಆವೃತ್ತಿ: ಅಂಟಿಸಿದ ಕುಕೀ

ಶುರುವಿನಲ್ಲಿ ಸುಲಭದ ದಾರಿ ಹಿಡಿದೆ. ಬ್ರೌಸರ್‌ನಲ್ಲಿ ಲಾಗಿನ್ ಆದೆ. ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕುಕೀ ಹೆಡರ್ ಪೂರ್ತಿ ಕಾಪಿ ಮಾಡಿ ಸ್ಕ್ರಿಪ್ಟ್‌ನ ಹೆಡರ್‌ಗಳ ಪಟ್ಟಿಗೆ ಅಂಟಿಸಿದೆ. ಓಡಿಸಿದೆ. ಪಟ್ಟಿ ಬಂತು. ಪರೀಕ್ಷೆಗೆ ಅಂತ, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ 15 ನಿಮಿಷಕ್ಕೊಮ್ಮೆ ಇಟ್ಟೆ. ಮೂರು ದಿನ ಒಂದು ಸಲವೂ ತಪ್ಪಲಿಲ್ಲ. ಸರಿ ಅಂತ ರಾತ್ರಿ 9.30ಕ್ಕೆ ಒಂದೇ ಸಲ ಓಡುವ ಹಾಗೆ ಬದಲಾಯಿಸಿದೆ.

ಮೊದಲ ರಾತ್ರಿಯೇ ಅಮ್ಮನಿಗೆ ಹೋದ ಮೆಸೇಜ್: ಬೆಳಿಗ್ಗೆ 0 ಲೀಟರ್, ಸಂಜೆ 0 ಲೀಟರ್.

ಅಮ್ಮ ತಕ್ಷಣ ಫೋನ್ ಮಾಡಿದರು. "ಹಾಲು ಹಾಕಿದ್ದನ್ನ ಅವರು ಬರೆದುಕೊಂಡೇ ಇಲ್ವಾ?" ಅಂತ. ನಾಳೆ ಬೆಳಿಗ್ಗೆ ಡೇರಿಯಲ್ಲಿ ಕೇಳಿಯೇ ಬಿಡುತ್ತೇನೆ ಅಂದರು. ತಪ್ಪು ನನ್ನದು, ಅವರದಲ್ಲ ಅಂತ ಸಮಾಧಾನ ಮಾಡಿದೆ. ಆ ರಾತ್ರಿ ಲಾಗ್ ತೆರೆದು ಕೂತೆ.

ಸ್ಟೇಟಸ್ 200 ಇತ್ತು. ಅಂದರೆ ಸರ್ವರ್ ಪ್ರಕಾರ ಎಲ್ಲ ಸರಿ. ಆದರೆ ಬಂದಿದ್ದ ಪುಟ ಹಾಲಿನ ಪಟ್ಟಿ ಅಲ್ಲ, ಲಾಗಿನ್ ಪುಟ. ಪಟ್ಟಿ ಕೇಳಿದಾಗ ಪೋರ್ಟಲ್ 302 ಕೊಟ್ಟು ಲಾಗಿನ್ ಪುಟಕ್ಕೆ ತಿರುಗಿಸಿತ್ತು. ಪೈಥಾನ್‌ನಿಂದ ವೆಬ್ ಪುಟ ತರುವ ರಿಕ್ವೆಸ್ಟ್ಸ್ ಲೈಬ್ರರಿ ಸುಮ್ನೆ ಆ ಕಡೆ ಹೋಗಿ, ಅಲ್ಲಿ ಸಿಕ್ಕ 200 ತಂದುಕೊಟ್ಟಿತ್ತು. ಪುಟದಲ್ಲಿ ಪಟ್ಟಿಯೇ ಇಲ್ಲ, ಹಾಗಾಗಿ ನನ್ನ ಕೋಡ್ ಮೊತ್ತವನ್ನು 0 ಅಂತ ತೆಗೆದುಕೊಂಡಿತು.

ಮೂರು ದಿನ ಓಡಿದ್ದು ಒಂದೇ ರಾತ್ರಿಗೆ ಯಾಕೆ ನಿಂತಿತು? ಕುಕೀ ಹೆಸರು ಪಿಎಚ್‌ಪಿಸೆಸ್‌ಐಡಿ. ಅಂದರೆ ಪೋರ್ಟಲ್‌ನ ಹಿಂದೆ ಇರುವುದು ಪಿಎಚ್‌ಪಿ ಭಾಷೆ. ಪಿಎಚ್‌ಪಿಯಲ್ಲಿ ಸೆಷನ್‌ಗೆ (ಆ ಕುಕೀ ಹೆಸರಿನಲ್ಲಿ ಸರ್ವರ್ ತೆರೆದಿಡುವ ಖಾತೆಗೆ) ಡಿಫಾಲ್ಟ್ ಆಯಸ್ಸು 1440 ಸೆಕೆಂಡ್, ಅಂದರೆ 24 ನಿಮಿಷ. ಅಷ್ಟು ಹೊತ್ತು ಯಾರೂ ಮುಟ್ಟದಿದ್ದರೆ ಆ ಸೆಷನ್ ಕಸದ ಲೆಕ್ಕ. ನಾನು 15 ನಿಮಿಷಕ್ಕೊಮ್ಮೆ ಬಾಗಿಲು ತಟ್ಟುತ್ತಿದ್ದೆ. ಅದಕ್ಕೇ ಅದು ಬದುಕಿತ್ತು. ಪರೀಕ್ಷೆ ನಿಲ್ಲಿಸಿದ ದಿನವೇ ಅದೂ ಸತ್ತಿತು. ಪರೀಕ್ಷೆ ಮಾಡುವ ರೀತಿಯೇ ತಪ್ಪನ್ನು ಮುಚ್ಚಿಟ್ಟಿತ್ತು. ಈಗ ಏನೇ ಪರೀಕ್ಷೆ ಮಾಡಿದರೂ ನಿಜವಾಗಿ ಓಡುವ ಅಂತರದಲ್ಲೇ ಎರಡು ಸಲ ಓಡಿಸಿ ನೋಡುತ್ತೇನೆ.

ಆ ರಾತ್ರಿಯೇ ಒಂದು ಸಣ್ಣ ರಿಪೇರಿ ಮಾಡಿ ಮಲಗಿದೆ. ಪಟ್ಟಿ ಸಿಗದಿದ್ದರೆ ಅಮ್ಮನಿಗೆ ಏನೂ ಹೋಗಬಾರದು, ನನಗೆ ಮಾತ್ರ ಮೆಸೇಜ್ ಬರಬೇಕು. ಪಟ್ಟಿ ಇದ್ದು ಖಾಲಿ ಇರುವುದೇ ಬೇರೆ, ಪಟ್ಟಿಯೇ ಇಲ್ಲದಿರುವುದೇ ಬೇರೆ. ಜೊತೆಗೆ ರೆಸ್ಪಾನ್ಸ್‌ನ ಹಿಸ್ಟರಿಯಲ್ಲಿ 302 ಇದ್ದು, ಕೊನೆಯ ವಿಳಾಸದಲ್ಲಿ ಲಾಗಿನ್ ಅನ್ನುವ ಪದ ಇದ್ದರೆ ಅಲ್ಲೇ ನಿಲ್ಲಿಸುವ ಹಾಗೆ ಮಾಡಿದೆ.

ಎರಡನೇ ಆವೃತ್ತಿ: ಲಾಗಿನ್ ಆಗುತ್ತದೆ, ಪಟ್ಟಿ ಬರುವುದಿಲ್ಲ

ಮುಂದಿನ ಶನಿವಾರ ನಿಜವಾದ ಲಾಗಿನ್ ಬರೆದೆ. ಲಾಗಿನ್ ಪುಟವನ್ನು ಮೊದಲು ತರಬೇಕು. ಅದರ ಫಾರ್ಮ್‌ನಲ್ಲಿ ಕಣ್ಣಿಗೆ ಕಾಣದ ಒಂದು ಟೋಕನ್ ಇರುತ್ತದೆ. ಆ ಟೋಕನ್ ಈ ಸೆಷನ್‌ಗೆ ಮಾತ್ರ ಸೇರಿದ್ದು. ಹಾಗಾಗಿ ಸದಸ್ಯ ಸಂಖ್ಯೆ, ಪಾಸ್‌ವರ್ಡ್ ಕಳಿಸುವಾಗ ಟೋಕನ್ನೂ ಬೇಕು, ಅದು ಹುಟ್ಟಿದ ಸೆಷನ್‌ನ ಕುಕೀಯೂ ಬೇಕು. ಒಂದಿದ್ದು ಒಂದಿಲ್ಲದಿದ್ದರೆ ಒಳಗೆ ಬಿಡುವುದಿಲ್ಲ.

ರಿಕ್ವೆಸ್ಟ್ಸ್‌ನಲ್ಲಿ ಬಿಡಿಬಿಡಿಯಾಗಿ ಗೆಟ್ (ಪುಟ ತರುವುದು), ಪೋಸ್ಟ್ (ಫಾರ್ಮ್ ಕಳಿಸುವುದು) ಕರೆದರೆ ಒಂದರ ಕುಕೀ ಇನ್ನೊಂದಕ್ಕೆ ಹೋಗುವುದಿಲ್ಲ. ಅದಕ್ಕೆ ರಿಕ್ವೆಸ್ಟ್ಸ್‌ನಲ್ಲೂ ಸೆಷನ್ ಅನ್ನುವ ವಸ್ತು ಇದೆ, ಸರ್ವರ್‌ನ ಸೆಷನ್ ಬೇರೆ, ಇದು ಬೇರೆ. ಅದರೊಳಗೆ ಒಂದು ಕುಕೀ ಜಾರ್. ಅದನ್ನು ನಾನು ಡಬ್ಬಿ ಅಂತಲೇ ಕರೆಯುತ್ತೇನೆ. ಬಂದ ಕುಕೀಗಳೆಲ್ಲ ಡಬ್ಬಿಗೆ ಬೀಳುತ್ತವೆ. ಮುಂದಿನ ರಿಕ್ವೆಸ್ಟ್‌ಗೆ ಯಾವುದು ಹೊಂದುತ್ತದೋ ಅದು ತಾನೇ ಹೋಗುತ್ತದೆ. ಹಳೆಯ ಕೋಡ್‌ನ ಹೆಡರ್‌ಗಳ ಪಟ್ಟಿಯನ್ನು ಎತ್ತಿ ಸೆಷನ್‌ಗೆ ಕೊಟ್ಟೆ. ಓಡಿಸಿದೆ.

ಲಾಗಿನ್ ಆಯಿತು. "ಸ್ವಾಗತ" ಅನ್ನುವ ಮುಖಪುಟ ಅಮ್ಮನ ಹೆಸರಿನೊಂದಿಗೆ ಬಂತು. ಮರುಕ್ಷಣ ಹಾಲಿನ ಪಟ್ಟಿ ಕೇಳಿದರೆ ಮತ್ತೆ ಲಾಗಿನ್ ಪುಟ!

ಇದು ನನ್ನ ಇಡೀ ಭಾನುವಾರ ತಿಂದಿತು. ಪಾಸ್‌ವರ್ಡ್ ಸರಿ ಇದೆ, ಅಮ್ಮನ ಹೆಸರು ಕಣ್ಣೆದುರು ಇದೆ, ಒಂದು ಹೆಜ್ಜೆ ಮುಂದೆ ಇಟ್ಟರೆ ಆಚೆ ದಬ್ಬುತ್ತದೆ. ಡಬ್ಬಿಯೊಳಗೆ ಇದ್ದದ್ದನ್ನು ಪ್ರಿಂಟ್ ಮಾಡಿ ನೋಡಿದೆ. ಹೊಸ ಕುಕೀ ಅಲ್ಲೇ ಇತ್ತು. ಹಾಗಾದರೆ ಯಾಕೆ? ಡಬ್ಬಿಯಲ್ಲಿ ಇರುವುದು ಒಂದು, ತಂತಿಯ ಮೇಲೆ ನಿಜವಾಗಿ ಹೋಗುವುದು ಇನ್ನೊಂದು ಇರಬಹುದು ಅನ್ನುವುದು ಸಂಜೆಗೆ ಹೊಳೆಯಿತು. ಪೈಥಾನ್‌ನ ಎಚ್‌ಟಿಟಿಪಿ ಕ್ಲೈಂಟ್‌ನಲ್ಲಿ ಡೀಬಗ್‌ಲೆವೆಲ್ 1 ಮಾಡಿದೆ. ಆಗ ಹೋಗುವ ಬರುವ ಹೆಡರ್‌ಗಳೆಲ್ಲ ಪರದೆ ಮೇಲೆ ಉರುಳುತ್ತವೆ.

ನೋಡಿದರೆ ಪಟ್ಟಿ ಕೇಳುವ ರಿಕ್ವೆಸ್ಟ್‌ನಲ್ಲಿ ಹೋಗುತ್ತಿದ್ದದ್ದು ಎರಡು ವಾರದ ಹಿಂದೆ ನಾನು ಬ್ರೌಸರ್‌ನಿಂದ ಅಂಟಿಸಿದ್ದ ಕುಕೀ. ಹೆಡರ್‌ಗಳ ಪಟ್ಟಿಯ ಜೊತೆ ಅದೂ ಸೆಷನ್‌ಗೆ ಬಂದುಬಿಟ್ಟಿತ್ತು.

ಇಲ್ಲಿ ಒಂದು ನಿಯಮ ಇದೆ. ಕುಕೀ ಹೆಡರ್ ಅನ್ನು ನಾವೇ ಕೈಯಾರೆ ಇಟ್ಟಿದ್ದರೆ ಪೈಥಾನ್‌ನ ಡಬ್ಬಿ ಅದನ್ನು ಮುಟ್ಟುವುದಿಲ್ಲ. ಡಬ್ಬಿಯಲ್ಲಿ ಹೊಸದು ಇದ್ದರೂ ಸೇರಿಸುವುದಿಲ್ಲ. ಎಚ್ಚರಿಕೆಯೂ ಇಲ್ಲ, ಎರರ್ರೂ ಇಲ್ಲ. ಆದರೆ 302 ಬಂದು ಲೈಬ್ರರಿ ತಾನೇ ಬೇರೆ ಪುಟಕ್ಕೆ ಹೋಗುವಾಗ ಮಾತ್ರ ರಿಕ್ವೆಸ್ಟ್ಸ್ ಆ ಹಳೆಯ ಕುಕೀ ಹೆಡರ್ ತೆಗೆದುಹಾಕಿ, ಡಬ್ಬಿಯಿಂದ ಹೊಸದಾಗಿ ಕಟ್ಟುತ್ತದೆ.

ಈಗ ನಡೆದದ್ದನ್ನು ಸಾಲಾಗಿ ನೋಡಿ. ಲಾಗಿನ್ ಪುಟ ತರುವಾಗ ಹಳೆಯ ಕುಕೀಯಲ್ಲಿದ್ದ ಸೆಷನ್ ಸಂಖ್ಯೆ ಹೋಯಿತು. ಪಿಎಚ್‌ಪಿಯಲ್ಲಿ ಸೆಷನ್‌ನ ಸ್ಟ್ರಿಕ್ಟ್ ಮೋಡ್ ಡಿಫಾಲ್ಟ್ ಆಗಿ ಆಫ್ ಇರುತ್ತದೆ. ಹಾಗಿದ್ದಾಗ ಗುರುತಿಲ್ಲದ ಸಂಖ್ಯೆ ಬಂದರೂ ಅದೇ ಸಂಖ್ಯೆಗೆ ಹೊಸ ಖಾತೆ ತೆರೆಯುತ್ತದೆ. ಟೋಕನ್ ಅದರಲ್ಲೇ ಕೂತಿತು. ಪಾಸ್‌ವರ್ಡ್ ಕಳಿಸುವಾಗಲೂ ಅದೇ ಹಳೆಯ ಸಂಖ್ಯೆ, ಹಾಗಾಗಿ ಟೋಕನ್ ತಾಳೆಯಾಯಿತು. ಲಾಗಿನ್ ಆದ ಕೂಡಲೇ ಪೋರ್ಟಲ್ ಹೊಸ ಸಂಖ್ಯೆ ಕೊಟ್ಟಿತು. ಇದು ಒಳ್ಳೆಯ ಅಭ್ಯಾಸ. ಯಾರೋ ಮೊದಲೇ ಗೊತ್ತುಮಾಡಿಟ್ಟ ಸಂಖ್ಯೆಯಲ್ಲಿ ನಾವು ಲಾಗಿನ್ ಆಗಿ ಸಿಕ್ಕಿಹಾಕಿಕೊಳ್ಳಬಾರದು ಅಂತ ಹೀಗೆ ಬದಲಾಯಿಸುತ್ತಾರೆ. ಆ ಹೊಸ ಪಾಸ್‌ಬುಕ್ 302 ಉತ್ತರದ ಜೊತೆಗೇ ಬಂತು, ಹೀಗೆ:

ಸೆಟ್-ಕುಕೀ: ಪಿಎಚ್‌ಪಿಸೆಸ್‌ಐಡಿ=(ಉದ್ದದ ಸಂಖ್ಯೆ); ಪಾತ್=/; ಸೆಕ್ಯೂರ್; ಎಚ್‌ಟಿಟಿಪಿಓನ್ಲಿ; ಸೇಮ್‌ಸೈಟ್=ಲ್ಯಾಕ್ಸ್

302 ಹಿಡಿದು ಮುಖಪುಟಕ್ಕೆ ಹೋಗುವಾಗ ಡಬ್ಬಿಯ ಹೊಸ ಕುಕೀ ಹೋಯಿತು. ಅದಕ್ಕೇ ಅಮ್ಮನ ಹೆಸರು ಕಂಡಿತು. ಪಟ್ಟಿಯನ್ನು ನಾನೇ ಕೇಳಿದಾಗ ಮತ್ತೆ ಕೈಯಾರೆ ಇಟ್ಟ ಹಳೆಯದು ಹೋಯಿತು. ಹಳೆಯ ಪಾಸ್‌ಬುಕ್ ತೋರಿಸಿದವನನ್ನು ಆಚೆ ಕಳಿಸಿದರು. ಸರಿಯಾಗಿಯೇ ಮಾಡಿದರು.

ರಿಪೇರಿ ಒಂದೇ ಸಾಲು: ಹೆಡರ್ ಪಟ್ಟಿಯಿಂದ ಕುಕೀ ಸಾಲು ಅಳಿಸಿದೆ. ಪಟ್ಟಿ ಬಂತು. ಅಳಿಸುವ ಮುಂಚೆ ಒಂದು ನಿಮಿಷ ಅದನ್ನೇ ನೋಡುತ್ತಾ ಕೂತಿದ್ದೆ. ಕುಕೀ ಅಂದರೆ ಒಂದು ಸಲ ಬರೆದಿಡುವ ಪಾಸ್‌ವರ್ಡ್ ಥರ ಅಂತ ಇಷ್ಟು ದಿನ ಮನಸ್ಸಿನಲ್ಲಿತ್ತು. ಅದು ಹಾಗಲ್ಲ. ಪ್ರತಿ ಉತ್ತರದಲ್ಲೂ ಅದು ಬದಲಾಗಬಹುದು. ಕೈಯಲ್ಲಿ ಹಿಡಿಯುವುದಲ್ಲ, ಡಬ್ಬಿಗೆ ಬಿಡಬೇಕು.

ಆ ಸೆಟ್-ಕುಕೀ ಸಾಲಿನ ಉಳಿದ ಪದಗಳ ಬಗ್ಗೆಯೂ ಒಂದು ಮಾತು. ಎಚ್‌ಟಿಟಿಪಿಓನ್ಲಿ ಅಂದರೆ ಬ್ರೌಸರ್‌ನ ಪುಟದಲ್ಲಿ ಓಡುವ ಜಾವಾಸ್ಕ್ರಿಪ್ಟ್‌ಗೆ ಈ ಕುಕೀ ಕಾಣಬಾರದು ಅಂತ. ಸೇಮ್‌ಸೈಟ್ ಅಂದರೆ ಬೇರೆ ಸೈಟಿನ ಪುಟದಿಂದ ಹೊರಟ ರಿಕ್ವೆಸ್ಟ್‌ಗೆ ಇದನ್ನು ಅಂಟಿಸಬೇಕೋ ಬೇಡವೋ ಅಂತ. ಎರಡೂ ಬ್ರೌಸರ್‌ಗೆ ಹೇಳುವ ಮಾತು. ನಮ್ಮ ಸ್ಕ್ರಿಪ್ಟ್‌ಗೆ ಅವುಗಳಿಂದ ಅಡ್ಡಿಯಿಲ್ಲ. ಸೆಕ್ಯೂರ್, ಅಂದರೆ ಎಚ್‌ಟಿಟಿಪಿಎಸ್ ಮೇಲೆ ಮಾತ್ರ ಕಳಿಸಬೇಕು ಅನ್ನುವುದು, ನಮಗೂ ಲಗತ್ತಾಗುತ್ತದೆ. ಕುಕೀ ಯಾವಾಗ ಮುಗಿಯುತ್ತದೆ ಅಂತ ಹೇಳುವ ಎಕ್ಸ್‌ಪೈರ್ಸ್ ಆಗಲಿ ಮ್ಯಾಕ್ಸ್-ಏಜ್ ಆಗಲಿ ಇಲ್ಲ, ಅಂದರೆ ಇದು ಬ್ರೌಸರ್ ಮುಚ್ಚುವವರೆಗಿನ ಸೆಷನ್ ಕುಕೀ. ಎರಡೂ ಇದ್ದರೆ ಮ್ಯಾಕ್ಸ್-ಏಜ್ ಮಾತೇ ನಡೆಯುತ್ತದೆ.

ಫೈಲಿಗೆ ಇಳಿಸಲು ಹೋಗಿ

ಪಟ್ಟಿ ಓದುವ ಕೋಡ್ ತಿದ್ದುವಾಗ ಹತ್ತು ಹತ್ತು ಸಲ ಓಡಿಸಬೇಕಾಗುತ್ತಿತ್ತು. ಪ್ರತಿ ಸಲವೂ ಲಾಗಿನ್. ಸಣ್ಣ ಸಂಘದ ಪೋರ್ಟಲ್, ಅವರ ಸರ್ವರ್‌ಗೆ ಸುಮ್ನೆ ಯಾಕೆ ಹೊರೆ? ಒಂದು ಸಲ ಲಾಗಿನ್ ಆಗಿ ಡಬ್ಬಿಯನ್ನು ಫೈಲಿಗೆ ಬರೆದಿಟ್ಟು, ಮುಂದಿನ 20 ನಿಮಿಷ ಅದನ್ನೇ ಬಳಸೋಣ ಅಂದುಕೊಂಡೆ. ಪೈಥಾನ್‌ನಲ್ಲೇ ಮೊಜಿಲ್ಲಾ ಕುಕೀ ಜಾರ್ ಅನ್ನುವುದಿದೆ. ನೆಟ್‌ಸ್ಕೇಪ್ ಕಾಲದ ಫೈಲ್ ರೂಪದಲ್ಲಿ ಬರೆಯುತ್ತದೆ. ಒಂದು ಕುಕೀಗೆ ಒಂದು ಸಾಲು, ಟ್ಯಾಬ್ ಕೊಟ್ಟು 7 ಕಾಲಂ: ಡೊಮೇನ್, ಸಬ್‌ಡೊಮೇನ್‌ಗೂ ಸೇರುತ್ತದೆಯೇ, ಪಾತ್, ಸೆಕ್ಯೂರ್ ಹೌದೋ ಅಲ್ಲವೋ, ಮುಗಿಯುವ ಸಮಯ, ಹೆಸರು, ಬೆಲೆ.

ಸೇವ್ ಮಾಡಿದೆ. ಫೈಲ್ ತೆರೆದರೆ ತಲೆಬರಹ ಬಿಟ್ಟು ಏನೂ ಇಲ್ಲ. ಕಾರಣ ಬೇಗ ಸಿಕ್ಕಿತು. ಸೆಷನ್ ಕುಕೀ ಅಂದರೆ ಬಿಸಾಡಬೇಕಾದ್ದು ಅಂತ ಅದು ಲೆಕ್ಕ ಹಾಕುತ್ತದೆ. ಇಗ್ನೋರ್ ಡಿಸ್ಕಾರ್ಡ್ ಅನ್ನುವುದನ್ನು ಟ್ರೂ ಮಾಡಿದರೆ ಮಾತ್ರ ಫೈಲಿಗೆ ಬರೆಯುತ್ತದೆ. ಓದುವಾಗಲೂ ಹಾಗೇ ಹೇಳಬೇಕು.

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಕಮಾಂಡ್ ಸಾಲಿನಿಂದ ವೆಬ್ ಪುಟ ತರುವ ಕರ್ಲ್‌ನಿಂದ ಲಾಗಿನ್ ಆಗುವುದು ಇನ್ನೂ ಚೊಕ್ಕ ಅನಿಸಿ, ಕರ್ಲ್ ಬರೆದ ಕುಕೀ ಫೈಲನ್ನು ಪೈಥಾನ್‌ಗೆ ಓದಿಸಲು ಹೋದೆ. ಎರಡೂ ಅದೇ ನೆಟ್‌ಸ್ಕೇಪ್ ರೂಪ ತಾನೇ? ಡಬ್ಬಿ ಮತ್ತೆ ಖಾಲಿ. ಇಗ್ನೋರ್ ಡಿಸ್ಕಾರ್ಡ್ ಇದ್ದರೂ ಖಾಲಿ. ಫೈಲ್ ತೆರೆದು ನೋಡಿದೆ. ಎಚ್‌ಟಿಟಿಪಿಓನ್ಲಿ ಕುಕೀಗಳ ಸಾಲನ್ನು ಕರ್ಲ್ ಹ್ಯಾಶ್ ಚಿಹ್ನೆ ಹಾಕಿ, ಎಚ್‌ಟಿಟಿಪಿಓನ್ಲಿ ಅಂತ ಬರೆದು, ಅಂಡರ್‌ಸ್ಕೋರ್ ಕೊಟ್ಟು, ಆಮೇಲೆ ಡೊಮೇನ್ ಬರೆಯುತ್ತದೆ. ಹ್ಯಾಶ್ ಕಂಡ ಕೂಡಲೇ ಹಳೆಯ ಪೈಥಾನ್ ಅದನ್ನು ಕಾಮೆಂಟ್ ಅಂತ ಬಿಟ್ಟುಬಿಡುತ್ತದೆ. ಇದು ಪೈಥಾನ್ 3.10ರಲ್ಲಿ ಸರಿಯಾಗಿದೆ. ನನ್ನ ಪೈ ಮೇಲೆ ಇದ್ದದ್ದು 3.9.

ಹ್ಯಾಶ್ ಭಾಗ ತೆಗೆದು ಮತ್ತೆ ಓದಿಸಿದೆ. ಇನ್ನೂ ಬರಲಿಲ್ಲ. ಈ ಸಲ ತೊಂದರೆ ಐದನೇ ಕಾಲಂನಲ್ಲಿತ್ತು. ಸೆಷನ್ ಕುಕೀಗೆ ಮುಗಿಯುವ ಸಮಯವಿಲ್ಲ ಅನ್ನುವುದನ್ನು ಕರ್ಲ್ 0 ಅಂತ ಬರೆಯುತ್ತದೆ. ಪೈಥಾನ್‌ಗೆ ಸಮಯವಿಲ್ಲ ಅಂದರೆ ಆ ಕಾಲಂ ಖಾಲಿ ಇರಬೇಕು. 0 ಕಂಡರೆ ಅದು 1970ರ ಜನವರಿ 1 ಅಂತ ಓದಿಕೊಳ್ಳುತ್ತದೆ. ಐವತ್ತು ವರ್ಷದ ಹಿಂದೆಯೇ ಮುಗಿದ ಕುಕೀ! ಇಗ್ನೋರ್ ಎಕ್ಸ್‌ಪೈರ್ಸ್ ಅಂತ ಹೇಳಿ ಬಲವಂತವಾಗಿ ಓದಿಸಿದರೆ ಡಬ್ಬಿಗೇನೋ ಬರುತ್ತದೆ, ಕಳಿಸುವ ಹೊತ್ತಿಗೆ ಮತ್ತೆ ಅವಧಿ ಮುಗಿದದ್ದು ಅಂತ ಬಿಸಾಡುತ್ತದೆ. ಓದಿದ ಮೇಲೆ ಡಬ್ಬಿಯ ಒಂದೊಂದು ಕುಕೀಯನ್ನೂ ನೋಡಿ, ಎಕ್ಸ್‌ಪೈರ್ಸ್ 0 ಇದ್ದಲ್ಲಿ ‘ನನ್’ (ಪೈಥಾನ್‌ನಲ್ಲಿ ಏನೂ ಇಲ್ಲ ಅಂತ) ಮಾಡಿ, ಡಿಸ್ಕಾರ್ಡ್ ಟ್ರೂ ಮಾಡಿದಾಗ ಕೆಲಸ ಆಯಿತು.

ಇಷ್ಟೆಲ್ಲ ಮಾಡಿದ್ದು ಕೋಡ್ ತಿದ್ದುವ ಹೊತ್ತಿಗೆ ಮಾತ್ರ. ದಿನಾ ರಾತ್ರಿ ಓಡುವ ಸ್ಕ್ರಿಪ್ಟ್ ಫೈಲಿಗೆ ಏನೂ ಬರೆಯುವುದಿಲ್ಲ. 24 ನಿಮಿಷಕ್ಕೆ ಸಾಯುವ ಕುಕೀಯನ್ನು 24 ಗಂಟೆ ಕಾಪಾಡಿ ಏನು ಪ್ರಯೋಜನ? ಹೊಸದಾಗಿ ಲಾಗಿನ್, ಕೆಲಸ ಮುಗಿದ ಮೇಲೆ ಲಾಗ್‌ಔಟ್. ಪರೀಕ್ಷೆಯ ಫೈಲನ್ನು ನನ್ನ ಬಿಟ್ಟು ಬೇರೆಯವರು ಓದದ ಹಾಗೆ ಪರ್ಮಿಷನ್ 600 ಕೊಟ್ಟೆ. ಡೀಬಗ್ ಲಾಗ್‌ನಲ್ಲಿ ಕುಕೀ ಸಂಖ್ಯೆ, ಪಾಸ್‌ವರ್ಡ್ ಎಲ್ಲ ಹಾಗೆಹಾಗೇ ಇದ್ದವು. ಅದನ್ನು ಅಳಿಸಿದೆ. ಬದುಕಿರುವ ಕುಕೀ ಕೈಗೆ ಸಿಕ್ಕವರಿಗೆ ಪಾಸ್‌ವರ್ಡ್ ಬೇಕಾಗುವುದೇ ಇಲ್ಲ, ಅಲ್ವಾ.

ಅತ್ತೆಯ ಹಾಲು

ಇನ್ನು ಹೇಳಬೇಕಾದ್ದು ಎಲ್ಲಕ್ಕಿಂತ ಜಾಸ್ತಿ ಮನಸ್ಸು ಕೆಡಿಸಿದ ತಪ್ಪು.

ಅಮ್ಮನ ಮೆಸೇಜ್ ನೋಡಿ ಪಕ್ಕದ ಮನೆ ಅತ್ತೆ ತನಗೂ ಬೇಕು ಅಂದರು. ಸದಸ್ಯ ಸಂಖ್ಯೆ, ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ನಾನು ಸ್ಕ್ರಿಪ್ಟ್‌ನಲ್ಲಿ ಇಬ್ಬರ ಪಟ್ಟಿ ಮಾಡಿ ಒಂದು ಲೂಪ್ ಹಾಕಿದೆ. ಸೆಷನ್ ಅನ್ನುವ ವಸ್ತು ಫೈಲಿನ ಮೇಲ್ಭಾಗದಲ್ಲಿ ಒಂದೇ ಇತ್ತು, ಅದನ್ನು ಹಾಗೇ ಬಿಟ್ಟೆ. ಲಾಗ್‌ಔಟ್ ಆಗ ಇನ್ನೂ ಬರೆದಿರಲಿಲ್ಲ. ಓಡಿಸಿದೆ. ಎರಡೂ ಮೆಸೇಜ್ ಹೋದವು. ಒಂದೂ ಎರರ್ ಇಲ್ಲ.

ಎರಡು ದಿನದ ಮೇಲೆ ಅಮ್ಮ ಫೋನಿನಲ್ಲಿ ಮೆಲ್ಲಗೆ ಮಾತಾಡಿದರು. ಅತ್ತೆ ಮನೆಯಲ್ಲಿ ಇರುವುದು ಒಂದೇ ಹಸು, ಹೊತ್ತಿಗೆ ನಾಲ್ಕು ಲೀಟರ್ ಮೀರುವುದಿಲ್ಲ. ಅವರಿಗೆ ಬಂದ ಮೆಸೇಜ್‌ನಲ್ಲಿ 9 ಲೀಟರ್ ಮೇಲೆ ಇತ್ತು. ಫ್ಯಾಟೂ ಬೇರೆ. ಅದು ಅಮ್ಮನ ಲೆಕ್ಕ. "ನಿಮ್ಮ ಹಾಲು ನನ್ನ ಖಾತೆಗೆ ಬಂದಿದ್ದರೆ ನನ್ನ ಹಾಲು ಯಾರ ಖಾತೆಗೆ ಹೋಗಿದೆ?" ಅಂತ ಅತ್ತೆ ಕೇಳಿದರಂತೆ. ನ್ಯಾಯವಾದ ಪ್ರಶ್ನೆ. ಮೂವತ್ತು ವರ್ಷದಿಂದ ಒಂದೇ ಗೋಡೆ ಹಂಚಿಕೊಂಡ ಮನೆಗಳು. ಹಾಲಿನ ಲೆಕ್ಕ ಅಂದರೆ ಮನೆಯ ದುಡ್ಡು. ಅದು ನಾನು ಕಳಿಸಿದ ಮೆಸೇಜ್‌ನಿಂದ ಹುಟ್ಟಿದ ಅನುಮಾನ. ಆ ರಾತ್ರಿಯೇ ಸ್ಕ್ರಿಪ್ಟ್ ನಿಲ್ಲಿಸಿದೆ. ಅತ್ತೆಗೆ ಫೋನ್ ಮಾಡಿ, ಡೇರಿಯ ಲೆಕ್ಕ ಸರಿಯಿದೆ, ನನ್ನ ಯಂತ್ರ ಅಮ್ಮನ ಪುಟ ತೆಗೆದು ನಿಮಗೆ ಓದಿ ಹೇಳಿದೆ ಅಂದೆ.

ಆಗಿದ್ದು ಹೀಗೆ. ಲೂಪ್‌ನಲ್ಲಿ ಮೊದಲು ಅಮ್ಮನ ಲಾಗಿನ್. ಡಬ್ಬಿಯಲ್ಲಿ ಅಮ್ಮನ ಪಾಸ್‌ಬುಕ್ ಕೂತಿತು. ಆಮೇಲೆ ಅತ್ತೆಯ ಸರದಿ. ಲಾಗಿನ್ ಪುಟ ಕೇಳುವಾಗ ಅಮ್ಮನ ಕುಕೀಯೂ ಜೊತೆಗೆ ಹೋಯಿತು. ನೀವು ಆಗಲೇ ಒಳಗಿದ್ದೀರಲ್ಲ ಅಂತ ಪೋರ್ಟಲ್ ಅಮ್ಮನ ಮುಖಪುಟಕ್ಕೆ ತಿರುಗಿಸಿತು. ಅಲ್ಲಿ ಟೋಕನ್ ಸಿಗದೆ ಕೋಡ್ ನಿಲ್ಲಬೇಕಿತ್ತು. ಆದರೆ ಮುಖಪುಟದ ಲಾಗ್‌ಔಟ್ ಬಟನ್ ಕೂಡ ಒಂದು ಫಾರ್ಮ್, ಅದರಲ್ಲೂ ಅದೇ ಹೆಸರಿನ ಟೋಕನ್. ಕೋಡ್ ಅದನ್ನು ಎತ್ತಿಕೊಂಡು ಅತ್ತೆಯ ಸಂಖ್ಯೆ, ಪಾಸ್‌ವರ್ಡ್ ಕಳಿಸಿತು. ಪೋರ್ಟಲ್ ಅದನ್ನು ನೋಡಲೂ ಇಲ್ಲ. ಒಳಗಿರುವವರಿಗೆ ಮತ್ತೆ ಲಾಗಿನ್ ಯಾಕೆ ಅಂತ ಮತ್ತೆ ಅಮ್ಮನ ಮುಖಪುಟ ತೋರಿಸಿತು. ಲಾಗಿನ್ ಆಯಿತೇ ಅಂತ ನಾನು ನೋಡುತ್ತಿದ್ದದ್ದು ಪುಟದಲ್ಲಿ ಲಾಗ್‌ಔಟ್ ಅನ್ನುವ ಪದ ಇದೆಯಾ ಅಂತ ಮಾತ್ರ. ಇತ್ತು. ಯಾರ ಲಾಗ್‌ಔಟ್ ಅಂತ ಕೇಳಲಿಲ್ಲ.

ಎರಡು ಕಡೆ ಕೈ ಹಾಕಿದೆ. ಮೊದಲನೆಯದು, ಒಬ್ಬರಿಗೆ ಒಂದು ಡಬ್ಬಿ. ಸೆಷನ್ ಈಗ ಲೂಪ್‌ನ ಒಳಗೆ ಹುಟ್ಟುತ್ತದೆ, ಒಬ್ಬರ ಕೆಲಸ ಮುಗಿದ ಕೂಡಲೇ ಲಾಗ್‌ಔಟ್ ಆಗಿ ಹೋಗುತ್ತದೆ. ಒಂದೇ ಸೆಷನ್ ಇಟ್ಟುಕೊಂಡು ಪ್ರತಿ ಸಲ ಡಬ್ಬಿ ಖಾಲಿ ಮಾಡಬಹುದಲ್ಲ ಅಂತ ಗೆಳೆಯನೊಬ್ಬ ಕೇಳಿದ. ಮಾಡಬಹುದು. ಆದರೆ ಖಾಲಿ ಮಾಡುವ ಸಾಲನ್ನು ಒಂದು ದಿನ ಯಾರಾದರೂ ಮೇಲೆ ಕೆಳಗೆ ಮಾಡುತ್ತಾರೆ, ಅಥವಾ ಅದರ ಮುಂಚೆಯೇ ಒಂದು ಎರರ್ ಬಂದು ಆ ಸಾಲು ಓಡುವುದೇ ಇಲ್ಲ. ಹೊಸ ಡಬ್ಬಿ ಹುಟ್ಟಿಸಿದರೆ ಆ ಭಯವಿಲ್ಲ.

ಎರಡನೆಯದು, ಪಟ್ಟಿಯ ಪುಟದಲ್ಲಿ ಅಚ್ಚಾಗಿರುವ ಸದಸ್ಯ ಸಂಖ್ಯೆಯನ್ನೂ ನಾನು ಲಾಗಿನ್ ಮಾಡಿದ ಸಂಖ್ಯೆಯನ್ನೂ ತಾಳೆ ನೋಡುತ್ತೇನೆ. ಒಂದು ಅಂಕಿ ಬೇರೆಯಾದರೂ ಮೆಸೇಜ್ ಹೋಗುವುದಿಲ್ಲ. ಡಬ್ಬಿಯ ವಿಚಾರದಲ್ಲಿ ನಾನು ಮತ್ತೆ ತಪ್ಪಿದರೂ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೋಗಬಾರದು.

ನನ್ನದು ಒಂದರ ಹಿಂದೆ ಒಂದು ಓಡುವ ಸಣ್ಣ ಲೂಪ್. ಇದೇ ತಪ್ಪು ಫ್ಲಾಸ್ಕ್, ಜ್ಯಾಂಗೋ ಥರದ ಚೌಕಟ್ಟಿನಲ್ಲಿ ಕಟ್ಟಿದ ವೆಬ್ ಆ್ಯಪ್‌ನಲ್ಲಿ ಆದರೆ ಇನ್ನೂ ಕೆಟ್ಟದು. ಫೈಲಿನ ಮೇಲ್ಭಾಗದಲ್ಲಿ ಹುಟ್ಟಿದ ಸೆಷನ್ ಆ ಪ್ರೊಸೆಸ್ ಇರುವವರೆಗೂ ಇರುತ್ತದೆ. ಅಲ್ಲಿಗೆ ಬಂದವರೆಲ್ಲರ ರಿಕ್ವೆಸ್ಟ್ ಅದೇ ಡಬ್ಬಿ ಹಾದು ಹೋಗುತ್ತದೆ. ಒಬ್ಬರೇ ಕೂತು ಪರೀಕ್ಷೆ ಮಾಡುವಾಗ ಏನೂ ಕಾಣುವುದಿಲ್ಲ. ಇಬ್ಬರು ಒಟ್ಟಿಗೆ ಬಂದ ದಿನ ಒಬ್ಬರ ಪುಟ ಇನ್ನೊಬ್ಬರಿಗೆ ತೆರೆದುಕೊಳ್ಳುತ್ತದೆ. ಅದಕ್ಕೇ ಈಗ ನನ್ನ ಯಾವ ಪರೀಕ್ಷೆಯಲ್ಲೂ ಕನಿಷ್ಠ ಇಬ್ಬರು ಬಳಕೆದಾರರು ಇರುತ್ತಾರೆ.

ನಕಲಿ ಪೋರ್ಟಲ್

ಅತ್ತೆಯ ವಿಷಯ ಆದ ಮೇಲೆ ನಿಜವಾದ ಪೋರ್ಟಲ್ ಮೇಲೆ ಪರೀಕ್ಷೆ ಮಾಡುವುದು ಬೇಡ ಅನಿಸಿತು. ಪೈ ಮೇಲೆಯೇ ಒಂದು ನಕಲಿ ಪೋರ್ಟಲ್ ಕಟ್ಟಿದೆ. ಇಬ್ಬರು ಸದಸ್ಯರು, ಎರಡು ಪಟ್ಟಿ, ಅಸಲಿಯ ಹಾಗೇ ಕುಕೀ. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ (ಅದೇ ಯಂತ್ರದ ಸ್ವಂತ ವಿಳಾಸ) ತೆರೆದು ಲಾಗಿನ್ ಆದೆ, ಚೆನ್ನಾಗಿ ಓಡಿತು. ಸ್ಕ್ರಿಪ್ಟ್ ಓಡಿಸಿದರೆ ಲಾಗಿನ್ ಪುಟದಿಂದ ಆಚೆ ಹೋಗಲೇ ಇಲ್ಲ. ಈ ಸಲ ಹತ್ತೇ ನಿಮಿಷ ಬೇಕಾಯಿತು, ಯಾಕಂದರೆ ಮೊದಲು ತಂತಿಯ ಮೇಲೆ ಏನು ಹೋಗುತ್ತಿದೆ ಅಂತಲೇ ನೋಡಿದೆ. ಕುಕೀ ಹೆಡರ್ರೇ ಇರಲಿಲ್ಲ. ಕುಕೀ ಮೇಲೆ ಸೆಕ್ಯೂರ್ ಇದೆ, ನಕಲಿ ಪೋರ್ಟಲ್ ಓಡುತ್ತಿರುವುದು ಬರೀ ಎಚ್‌ಟಿಟಿಪಿ ಮೇಲೆ. ಈಗಿನ ಕ್ರೋಮ್, ಫೈರ್‌ಫಾಕ್ಸ್ ಲೋಕಲ್‌ಹೋಸ್ಟ್‌ಗೆ ಇದರಲ್ಲಿ ವಿನಾಯಿತಿ ಕೊಡುತ್ತವೆ. ಪೈಥಾನ್‌ನ ಡಬ್ಬಿ ಕೊಡುವುದಿಲ್ಲ. ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಸೆಕ್ಯೂರ್ ಕುಕೀಯನ್ನು ಅದು ಹೊರಗೆ ಬಿಡುವುದಿಲ್ಲ. ಸ್ಕ್ರಿಪ್ಟ್‌ನಲ್ಲಿ ಈ ಕಾವಲನ್ನು ಸಡಿಲ ಮಾಡುವ ಬದಲು ನಕಲಿ ಪೋರ್ಟಲ್‌ಗೇ ಒಂದು ಸ್ವಂತ ಸರ್ಟಿಫಿಕೇಟ್ ಹಾಕಿ, ಪರೀಕ್ಷೆಯಲ್ಲಿ ಆ ಸರ್ಟಿಫಿಕೇಟನ್ನು ನಂಬುವಂತೆ ಮಾಡಿದೆ.

ಡಬ್ಬಿ ಖಾಲಿ ಮಾಡಬಹುದಲ್ಲ ಅಂದ ಆ ಗೆಳೆಯ ಇದನ್ನೇ ನೋಡ್ ಜೆಎಸ್‌ನಲ್ಲಿ, ಅಂದರೆ ಬ್ರೌಸರ್ ಹೊರಗೆ ಓಡುವ ಜಾವಾಸ್ಕ್ರಿಪ್ಟ್‌ನಲ್ಲಿ, ಬರೆಯಲು ಹೊರಟ. ಅವನಿಗೆ ಹೇಳಿದ್ದನ್ನು ಇಲ್ಲೂ ಹೇಳಿಬಿಡುತ್ತೇನೆ. ಪುಟ ತರಲು ನೋಡ್‌ನಲ್ಲಿರುವ ಫೆಚ್‌ಗೆ ಡಬ್ಬಿಯೇ ಇಲ್ಲ. ಅದು 302 ಹಿಡಿದು ತಾನೇ ಮುಂದೆ ಹೋಗುತ್ತದೆ, ಆ 302ರ ಜೊತೆ ಬಂದ ಸೆಟ್-ಕುಕೀ ದಾರಿಯಲ್ಲೇ ಬಿದ್ದುಹೋಗುತ್ತದೆ. ನಮ್ಮ ಪೋರ್ಟಲ್ ಲಾಗಿನ್ ಕುಕೀ ಕೊಡುವುದೇ ಅಲ್ಲಿ. ರಿಡೈರೆಕ್ಟ್ ಅನ್ನು ಮ್ಯಾನ್ಯುಯಲ್ ಮಾಡಿ, ಕುಕೀ ಎತ್ತಿಕೊಂಡು, ಆಮೇಲೆ ನಾವೇ ಮುಂದಿನ ಪುಟಕ್ಕೆ ಹೋಗಬೇಕು. ಸೆಟ್-ಕುಕೀ ಎರಡು ಮೂರು ಬಂದರೆ ಸಾಮಾನ್ಯ ಗೆಟ್ ಅವನ್ನೆಲ್ಲ ಅಲ್ಪವಿರಾಮ ಹಾಕಿ ಒಂದೇ ಸಾಲು ಮಾಡುತ್ತದೆ. ಅಲ್ಪವಿರಾಮದಲ್ಲಿ ಒಡೆಯೋಣ ಅಂದರೆ ಎಕ್ಸ್‌ಪೈರ್ಸ್ ದಿನಾಂಕದಲ್ಲೂ ವಾರದ ಹೆಸರಾದ ಮೇಲೆ ಒಂದು ಅಲ್ಪವಿರಾಮ ಇರುತ್ತದೆ, ಕುಕೀ ನಡುವೆ ತುಂಡಾಗುತ್ತದೆ. ಅದಕ್ಕೇ ಗೆಟ್‌ಸೆಟ್‌ಕುಕೀ ಅನ್ನುವ ಬೇರೆ ಮೆಥಡ್ ಬಂದಿದೆ. ಇಷ್ಟೆಲ್ಲ ಕೈಯಾರೆ ಮಾಡುವುದಕ್ಕಿಂತ ಟಫ್-ಕುಕೀ ಲೈಬ್ರರಿ ಹಾಕಿಕೊ ಅಂದೆ. ಗೋ ಭಾಷೆಯಲ್ಲೂ ಕ್ಲೈಂಟ್‌ಗೆ ಡಬ್ಬಿ ಮೊದಲೇ ಇರುವುದಿಲ್ಲ, ನಾವೇ ಕೊಡಬೇಕು. ಕರ್ಲ್ ಕೂಡ ಹೇಳದೆ ಕುಕೀ ಇಟ್ಟುಕೊಳ್ಳುವುದಿಲ್ಲ.

ನಕಲಿ ಪೋರ್ಟಲ್ ಮೇಲೆ ಇಬ್ಬರು ಸದಸ್ಯರನ್ನು ಹಿಂದೆ ಮುಂದೆ ಮಾಡಿ, ಒಬ್ಬರ ಪಾಸ್‌ವರ್ಡ್ ಬೇಕಂತಲೇ ತಪ್ಪು ಕೊಟ್ಟು, ನಡುವೆ ಸೆಷನ್ ಸಾಯಿಸಿ, ಎಲ್ಲ ಥರದಲ್ಲೂ ಓಡಿಸಿದೆ. ಲೂಪ್‌ನ ಹೊರಗೆ ಸೆಷನ್ ಇದ್ದ ಹಳೆಯ ಕೋಡನ್ನೂ ಒಂದು ಸಲ ಓಡಿಸಿದೆ. ಎರಡನೆಯವರ ಹೆಸರಿನ ಮುಂದೆ ಮೊದಲನೆಯವರ ಲೀಟರ್ ಬಂತು, ತಾಳೆಯಾಗದೆ ಪರೀಕ್ಷೆ ಕೆಂಪಾಗಿ ನಿಂತಿತು. ಆ ಕೆಂಪು ನೋಡಿದ ಮೇಲೆಯೇ ಹೊಸ ಕೋಡ್ ಮೇಲೆ ನಂಬಿಕೆ ಬಂದದ್ದು.

ಮತ್ತೆ ಶುರು ಮಾಡುವ ಮುಂಚೆ ಊರಿಗೆ ಹೋಗಿ ಅತ್ತೆಯ ಒಪ್ಪಿಗೆ ಕೇಳಿದೆ. ಅವರು ಒಂದು ಷರತ್ತು ಹಾಕಿದರು. ಒಂದು ವಾರ ಚೀಟಿ ಎಲ್ಲ ಎತ್ತಿಡುತ್ತೇನೆ, ನಿನ್ನ ಮೆಸೇಜ್ ಜೊತೆ ಒಂದೊಂದೂ ನೋಡಬೇಕು ಅಂದರು. ಸರಿ ಅಂದೆ. ಚೀಟಿಗಳನ್ನು ಒಲೆಯಿಂದ ದೂರ, ದೇವರ ಮನೆಯ ಡಬ್ಬಿಯಲ್ಲಿ ಇಟ್ಟಿದ್ದರು. ಮುಂದಿನ ಭಾನುವಾರ ಮತ್ತೆ ಹೋದಾಗ ಜಗಲಿ ಮೇಲೆ ಕೂತೆವು. ಅತ್ತೆ ಚೀಟಿ ಓದಿದರು, ನಾನು ಫೋನ್ ನೋಡಿ ಹೂಂ ಅಂದೆ. 7 ದಿನ, 14 ಹೊತ್ತು. ಒಂದು ಚೀಟಿಯಲ್ಲಿ ಫ್ಯಾಟ್‌ನ ಅಂಕಿ ಮಸುಕಾಗಿತ್ತು, ಬಿಸಿಲಿಗೆ ಹಿಡಿದು ಓದಿದರು. ಅದೂ ಸೇರಿ 14ಕ್ಕೆ 14 ತಾಳೆಯಾದವು.

ಸಂಜೆ ಬಸ್ಸಿಗೆ ಹೊರಡುವಾಗ ಎದುರು ಮನೆಯವರು ಬಂದು ತಮ್ಮ ಸದಸ್ಯ ಸಂಖ್ಯೆ ಬರೆದ ಚೀಟಿ ಕೊಟ್ಟರು. ಅತ್ತೆಯೇ ಹೇಳಿ ಕಳಿಸಿದ್ದರಂತೆ.